ತಾಯಿಯ ಸಾಲು ಏನು ಹೇಳುತ್ತದೆ?

ಕಾರವಾರದ ಬೈತಖೋಲದಿಂದ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಅಂಡಮಾನಿನ ಜನರ ತಾಯಿ ಸಾಲಿನ ಬಗ್ಗೆ ಓದಿದೆ. ಸಣ್ಣ ದ್ವೀಪ, ಎಲ್ಲರೂ ಸಂಬಂಧಿಕರೇ ಇರಬೇಕು. ಅಲ್ಲಿ ಹುಡುಕೋದು ಏನಿದೆ? ನಾನೂ ಎಂಜಲಿನ ಪರೀಕ್ಷೆ ಮಾಡಿಸಿದರೆ ನಮ್ಮ ಮನೆತನದ ಮೂಲ ಗೊತ್ತಾಗುತ್ತದಾ?”

ಸಂಪಾದಕರ ಉತ್ತರ:

ಮನೆತನದ ಮೂಲ ಗೊತ್ತಾಗುವುದಿಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಎಂಬ ಭಾಗದಲ್ಲಿ 16,569 ಅಕ್ಷರಗಳ ಪುಟ್ಟ ಡಿಎನ್‌ಎ ಇದೆ. ಅದು ನಿಮಗೆ ಆಯಿಯಿಂದ ಬಂತು, ಆಯಿಗೆ ಅವರ ಆಯಿಯಿಂದ. ಇದೇ ತಾಯಿಯ ಸಾಲು. ಹತ್ತು ತಲೆಮಾರು ಹಿಂದೆ ಹೋದರೆ ನಿಮ್ಮ ವಂಶವೃಕ್ಷದಲ್ಲಿ 1,024 ಜಾಗಗಳಿವೆ. ಈ ಡಿಎನ್‌ಎ ಅವರಲ್ಲಿ ಒಬ್ಬಳದು ಮಾತ್ರ. ನಿಮ್ಮ ತಂದೆಯ ತಾಯಿ ಕೂಡ ಅದರಲ್ಲಿಲ್ಲ!

ಆದರೆ ಇಡೀ ಜನಸಮುದಾಯವನ್ನೇ ನೋಡಿದಾಗ ಅದು ತುಂಬಾ ಹೇಳುತ್ತದೆ, ದ್ವೀಪದಲ್ಲಂತೂ ಇನ್ನೂ ಜಾಸ್ತಿ. ಬರೀ ಗಂಡುಮಕ್ಕಳನ್ನು ಹೆತ್ತವಳ ಸಾಲು ಅವರಲ್ಲೇ ನಿಂತುಹೋಗುತ್ತದೆ. ದೊಡ್ಡ ನಾಡಿನಲ್ಲಿ ಅದೇ ಸಾಲಿನ ಬೇರೆ ಹೆಂಗಸರು ಸಿಗುತ್ತಾರೆ. ದ್ವೀಪಕ್ಕೆ ಬಂದಿಳಿದವರೇ ನಾಲ್ಕಾರು ಮಂದಿಯಾದರೆ ಹಲವು ಸಾಲುಗಳು ಬೇಗ ಅಳಿದು, ಉಳಿದ ಒಂದೆರಡೇ ಎಲ್ಲರಲ್ಲೂ ಹರಡುತ್ತವೆ. ವೈವಿಧ್ಯ ಕಡಿಮೆ ಇರುವುದೇ ಒಂದು ಸುಳಿವು. ಅದನ್ನು ಹಿಡಿದು ಮೊದಲ ತಾಯಂದಿರು ಎಷ್ಟು ಮಂದಿ ಅಂತ ಅಂದಾಜು ಮಾಡಬಹುದು. ಮಡಗಾಸ್ಕರ್ ಆಫ್ರಿಕಾದ ಮಗ್ಗುಲಲ್ಲೇ ಇದೆ, ಅಲ್ವಾ? ಅಲ್ಲಿ ಸುಮಾರು 1,200 ವರ್ಷಗಳ ಹಿಂದೆ ನೆಲೆಸಿದ ಹೆಂಗಸರು ಸುಮಾರು 30, ಅವರಲ್ಲಿ ಹೆಚ್ಚಿನವರು ಇಂಡೊನೇಷ್ಯಾ ಕಡೆಯವರು ಎಂದು 2012ರ ಅಧ್ಯಯನ ಲೆಕ್ಕಹಾಕಿತು. ಅಲ್ಲಿನ ಮಲಗಾಸಿ ಭಾಷೆಯ ಹತ್ತಿರದ ನೆಂಟರು ಇರುವುದೂ ಬೋರ್ನಿಯೋದಲ್ಲಿ.

ಅಂಡಮಾನ್, ನಿಕೋಬಾರ್ ಎಂದು ಒಟ್ಟಿಗೇ ಹೇಳುತ್ತೇವೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಕಂಡದ್ದು ಬೇರೆ. ಅಂಡಮಾನಿನ ಮೂಲನಿವಾಸಿಗಳಾದ ಒಂಗೆ ಮತ್ತು ಗ್ರೇಟ್ ಅಂಡಮಾನಿಗರಲ್ಲಿ ಎಂ31, ಎಂ32 ಎಂಬ ಬಹಳ ಹಳೆಯ ಸಾಲುಗಳಿವೆ. ನಿಕೋಬಾರಿಗರ ಸಾಲುಗಳು ಆಗ್ನೇಯ ಏಷ್ಯಾದವರಿಗೆ ಹತ್ತಿರ.

ಇದಕ್ಕೆ ದ್ವೀಪವೇ ಬೇಕೆಂದಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಆಫ್ರಿಕಾದ ಎಲ್ ಗುಂಪಿನ ತಾಯಂದಿರೂ ಇದ್ದಾರೆ, ಭಾರತದ ಎಂ ಗುಂಪಿನವರೂ ಇದ್ದಾರೆ. ಆಫ್ರಿಕಾದಿಂದ ಬಂದ ಅವರ ಪೂರ್ವಜರು ಇಲ್ಲಿಯ ಹೆಣ್ಣುಮಕ್ಕಳ ಜೊತೆಗೂ ಸಂಸಾರ ಕಟ್ಟಿದರು ಎಂಬುದಕ್ಕೆ ಅದು ಗುರುತು.

ಪರೀಕ್ಷೆ ಮಾಡಿಸಬೇಡಿ ಎನ್ನುವುದಿಲ್ಲ. ಆದರೆ ಮೊದಲು ನಿಮ್ಮ ಆಯಿಯ ಹತ್ತಿರ ಕೂತು, ಅವರ ಆಯಿಯ ತವರೂರು ಯಾವುದು, ಅವರ ಅಜ್ಜಿಯದು ಯಾವುದು ಅಂತ ಕೇಳಿ. ಮನೆಯ ಹಳೇ ಕಾಗದಪತ್ರಗಳಲ್ಲಿ ಗಂಡಸರ ಹೆಸರೇ ಜಾಸ್ತಿ, ಹೆಂಗಸರ ತವರನ್ನು ಬರೆದಿಟ್ಟವರು ಅಪರೂಪ. ಗೊತ್ತಾದಷ್ಟನ್ನು ಬರೆದು ನಮಗೂ ಕಳಿಸಿ, ಪ್ರಕಟಿಸುತ್ತೇವೆ.