ಆಣೆ ಮುರಿದದ್ದು, ಮಾಲೆ ನಿಂತದ್ದು

ಹೆಸರು, ವಯಸ್ಸು, ಕೆಲಸದ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲೇ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಬರೀರಿ ಮೇಡಂ. ಹೋಟೆಲು ಯಾವುದು ಅಂತ ಗೊತ್ತಾಗದ ಹಾಗೆ ಬರೀರಿ, ಸಾಕು."

ಅವರನ್ನು ರಮಾನಂದ ಎನ್ನೋಣ. 47 ವರ್ಷ, ಕುಂದಾಪುರದ ಕಡೆಯವರು. ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಬಂದು, ಟೇಬಲ್ ಒರೆಸುವುದರಿಂದ ಶುರುಮಾಡಿ, ಈಗ ಘಾಟ್ಕೋಪರ್ ಕಡೆಯ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಮನೆ ಡೊಂಬಿವಲಿ. ದಿನಕ್ಕೆ 15ರಿಂದ 18 ಸಿಗರೇಟು, ಇಪ್ಪತ್ತೈದು ವರ್ಷದಿಂದ. ತಂಬಾಕು ಬಿಡಲು ನೆರವಾಗುವ ಸಲಹೆಗಾರ್ತಿಯಾಗಿ ನಾನು ವಾರಕ್ಕೆರಡು ಸಂಜೆ ಮಾಟುಂಗಾದಲ್ಲಿ ಕೂರುವ ಕೋಣೆಗೆ ಅವರನ್ನು ಎಳೆದುಕೊಂಡು ಬಂದವರು ಹೆಂಡತಿ ಸುಜಾತಾ.

ಮೊದಲ ಇಪ್ಪತ್ತು ನಿಮಿಷ ಸುಜಾತಾ ಅವರೇ ಮಾತಾಡಿದರು. "ಅಂಗಿ ಜೇಬು ಮೂಸಿದ್ರೆ ಲವಂಗ. ಬೆರಳು ಮೂಸಿದ್ರೆ ನಿಂಬೆ. ಯಾವ ಮನುಷ್ಯ ಮೇಡಂ ರಾತ್ರಿ ಹನ್ನೊಂದು ಗಂಟೆಗೆ ಬೆರಳಿಗೆ ನಿಂಬೆಸಿಪ್ಪೆ ಉಜ್ಜಿಕೊಂಡು ಮನೆಗೆ ಬರ್ತಾನೆ?" ರಮಾನಂದರು ನೆಲ ನೋಡುತ್ತಾ ಕೂತಿದ್ದರು. ಅಡುಗೆಮನೆಯಲ್ಲಿ ಹಿಂಡಿ ಎಸೆದ ನಿಂಬೆಹೋಳಿನಿಂದ ಬೆರಳು ಉಜ್ಜಿಕೊಳ್ಳುವುದು, ಎರಡು ಲವಂಗ ಬಾಯಿಗೆ ಹಾಕಿಕೊಳ್ಳುವುದು, ಲೋಕಲ್ ಹತ್ತಿದ ಮೇಲೆ ಬಾಗಿಲ ಗಾಳಿಗೆ ನಿಲ್ಲುವುದು: ಇದು ಅವರ ದಿನದ ಕೊನೆಯ ಡ್ಯೂಟಿ. ಸೇದುವುದಕ್ಕಿಂತ ಅದನ್ನು ಮುಚ್ಚಿಡುವುದಕ್ಕೇ ಹೆಚ್ಚು ಶ್ರಮ.

ಸುಜಾತಾ ಅವರನ್ನು ಹೊರಗೆ ಕೂರಲು ಹೇಳಿ, ನಾನು ಮಾಮೂಲಿ ಪ್ರಶ್ನೆಗಳನ್ನು ಕೇಳಿದೆ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಜ್ವರ ಬಂದು ಮಲಗಿದ್ದಾಗಲೂ ಸೇದುತ್ತೀರಾ? ನಿಕೊಟಿನ್ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯಲು ಫಾಗರ್‌ಸ್ಟ್ರಾಮ್ ಎಂಬ ಆರು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 10 ಅಂಕ. ಇವರಿಗೆ 7 ಬಂತು. ಎದ್ದ ಐದು ನಿಮಿಷದೊಳಗೆ ಬಿಲ್ಡಿಂಗಿನ ಮೆಟ್ಟಿಲಲ್ಲಿ ಒಂದು ಆಗಲೇಬೇಕು. ಇಂಥವರಿಗೆ "ಮನಸ್ಸು ಗಟ್ಟಿ ಮಾಡಿ" ಎಂದು ಹೇಳಿ ಕಳಿಸುವುದು, ಕಾಲು ಮುರಿದವರಿಗೆ ಧೈರ್ಯವಾಗಿ ನಡೆಯಿರಿ ಎಂದ ಹಾಗೆ.

ಹಿಂದೆ ಬಿಡಲು ನೋಡಿದ್ದಿರಾ ಎಂದು ಕೇಳಿದಾಗ ಎರಡು ಕತೆ ಬಂದವು.

ಒಂದು, ಆಣೆ. ಎರಡು ವರ್ಷದ ಹಿಂದೆ ಮಗಳ ಹತ್ತನೇ ತರಗತಿ ರಿಸಲ್ಟ್ ಬಂದ ದಿನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಊರಿಂದ ಅಮ್ಮನೂ ಬಂದಿದ್ದರು. "ಇವತ್ತು ಮಗಳ ತಲೆ ಮುಟ್ಟಿ ಹೇಳು, ಮಂಜುನಾಥನ ಆಣೆ, ಇನ್ನು ಸೇದುವುದಿಲ್ಲ ಅಂತ." ಹೇಳಿದರು. ಒಂಬತ್ತನೇ ದಿನ ಮುರಿಯಿತು. ಆ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂದು ಐದು ದಿನ ಆಸ್ಪತ್ರೆ. "ಮಾತು ಬಿಡದ ಮಂಜುನಾಥ ಅಂತಾರಲ್ಲ ಮೇಡಂ" ಎಂದು ನಿಲ್ಲಿಸಿದರು. ಆ ಐದು ದಿನ ಆಸ್ಪತ್ರೆಯ ಗೇಟಿನ ಹೊರಗೆ ಅವರು ದಿನಕ್ಕೆ ಎರಡು ಪ್ಯಾಕ್ ಸೇದಿದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಡೆಂಗಿ ಬರುವುದು ಸೊಳ್ಳೆಯಿಂದ, ಆಣೆಯಿಂದಲ್ಲ ಎಂದು ಪಾಠ ಶುರುಮಾಡಿದೆ. ಸಾಂಬಾರು ತಣ್ಣಗಿದೆ ಎಂದು ದೂರುವ ಗಿರಾಕಿಗೆ ತಲೆಯಾಡಿಸುವ ಹಾಗೆ ಅವರು ತಲೆಯಾಡಿಸಿದರು. ಸೊಳ್ಳೆಯ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ವರ್ಷಕ್ಕೊಮ್ಮೆ ಪಾಲಿಕೆಯವರು ಬಂದು ಹೋಟೆಲಿನ ಟ್ಯಾಂಕಿ ನೋಡಿಹೋಗುತ್ತಾರೆ. ಭಯ ಇದ್ದದ್ದು ಬೇರೆ ಕಡೆ.

ಎರಡನೆಯ ಕತೆಯನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೋವಿಡ್‌ಗೆ ಮುಂಚೆ ಒಂದು ವರ್ಷ ಅಯ್ಯಪ್ಪನ ಮಾಲೆ ಹಾಕಿದ್ದರಂತೆ. 41 ದಿನ ಒಂದೂ ಸೇದಲಿಲ್ಲ. "ಅದು ವ್ರತ ಮೇಡಂ, ಅದು ಬೇರೆ."

ಹೇಗೆ ಬೇರೆ? ನಾನು ಅಲ್ಲಿಯೇ ಹಿಡಿದೆ. ಮಾಲೆ ಹಾಕಿದ ಬೆಳಿಗ್ಗೆಯಿಂದ ಹೋಟೆಲಿನಲ್ಲಿ ಎಲ್ಲರೂ ಅವರನ್ನು ಸ್ವಾಮಿ ಎಂದು ಕರೆದರು. ಹಿಂಬಾಗಿಲಲ್ಲಿ ಸಿಲಿಂಡರ್ ಪಕ್ಕ ನಿಂತು ಬೀಡಿ ಸೇದುವ ಅಡುಗೆ ಭಟ್ಟರು ಇವರನ್ನು ಕಂಡರೆ ಬೀಡಿ ಕೆಳಗಿಡುತ್ತಿದ್ದರು. ಟಪರಿಯವನು, ಅಂದರೆ ಬೀದಿಬದಿಯ ಗೂಡಂಗಡಿಯವನು, ಸಿಗರೇಟು ಚಾಚಲಿಲ್ಲ. ಸಂಜೆ ಡೊಂಬಿವಲಿಯಲ್ಲಿ ಭಜನೆಗೆ ಹನ್ನೆರಡು ಜನ ಸೇರುತ್ತಿದ್ದರು. ಸುಜಾತಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿದರು, ಒಂದು ದಿನವೂ ಅಂಗಿ ಮೂಸಲಿಲ್ಲ.

ಅಂದರೆ ಆಣೆ ಹಾಕಿದ ದಿನ ಬದಲಾಗಬೇಕಾಗಿದ್ದವರು ಇವರೊಬ್ಬರೇ, ಉಳಿದವರು ಕಾವಲು ಕೂತರು. ಮಾಲೆ ಹಾಕಿದಾಗ ಸುತ್ತ ಇದ್ದ ಇಪ್ಪತ್ತು ಜನಕ್ಕೂ ಒಂದೊಂದು ಕೆಲಸ ಇತ್ತು.

ನಿಕೊಟಿನ್ ಇಲ್ಲದೆ ಮೈ ಕಾಡುವುದು ಎರಡು-ಮೂರನೇ ದಿನಕ್ಕೆ ಜಾಸ್ತಿಯಾಗಿ, ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. 41ನೇ ದಿನಕ್ಕೆ ಅವರ ಮೈ ಬಹುಮಟ್ಟಿಗೆ ಬಿಟ್ಟಾಗಿತ್ತು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆ, ಸ್ಟೇಷನ್ ಹೊರಗಿನ ಟಪರಿಯವನು "ಕಾಯ್ ಸ್ವಾಮಿ, ಸುಟಲಾ ಕಾ ಉಪಾಸ?" (ಏನು ಸ್ವಾಮಿ, ಉಪವಾಸ ಮುಗೀತಾ?) ಎಂದು ನಗುತ್ತಾ ಎರಡು ಸಿಗರೇಟು ಕೈಗಿಟ್ಟ. (ಬಿಡಿಬಿಡಿಯಾಗಿ ಸಿಗರೇಟು, ಬೀಡಿ ಮಾರುವುದನ್ನು ಮಹಾರಾಷ್ಟ್ರ ಸರ್ಕಾರ 2020ರಲ್ಲಿ ನಿಷೇಧಿಸಿತು. ಡಬ್ಬಿ ಈಗಲೂ ಟಪರಿಯ ಮೇಲೆ ತೆರೆದೇ ಇರುತ್ತದೆ.) ಆ ಎರಡನ್ನು ಬೇಡಿದ್ದು ಮೈಯಲ್ಲ. ಆ ಜಾಗ, ಆ ಹೊತ್ತು, ಆ ನಗು. 42ನೇ ದಿನಕ್ಕೆ ಯಾರ ಹತ್ತಿರವೂ ಏನೂ ಯೋಜನೆ ಇರಲಿಲ್ಲ.

ಹಾಗಾಗಿ ಮೊದಲು ಆಣೆಯನ್ನು ಇಳಿಸಬೇಕಿತ್ತು. ಅದು ನನ್ನಿಂದ ಆಗುವ ಕೆಲಸವಲ್ಲ. ಅಮ್ಮನಿಗೆ ನೀವೇ ಹೇಳಿ ಎಂದೆ. ಒಂದು ವಾರ ತೆಗೆದುಕೊಂಡರು. ಕೊನೆಗೆ ನನ್ನ ಕೋಣೆಯಿಂದಲೇ ಫೋನ್ ಮಾಡಿದರು, ಸ್ಪೀಕರ್ ಹಾಕಿ. ಮುರಿದದ್ದು, ಡೆಂಗಿ, ಆಸ್ಪತ್ರೆಯ ಗೇಟು, ಎಲ್ಲ ಹೇಳಿ ಸುಮ್ಮನಾದರು. ಆ ಕಡೆ ಸ್ವಲ್ಪ ಹೊತ್ತು ಟಿವಿ ಸದ್ದು ಮಾತ್ರ. ಆಮೇಲೆ ಮುದುಕಿಯ ದನಿ: "ಎಂತ ಮಗಾ, ಎರಡು ವರ್ಷ ಇದನ್ನ್ ಹೊಟ್ಟಿಯೊಳ್ಗ್ ಇಟ್ಕಂಡ್ ಕೂತಿದ್ಯಾ? ತಪ್ಪುಕಾಣ್ಕಿ ತೆಗ್ದಿಡು. ಊರಿಗ್ ಬಂದಾಗ ಹಾಕುವ. ಮೊದ್ಲ್ ಸಮಾ ಊಟ ಮಾಡು."

ಅಷ್ಟೇ. ನನ್ನ ಎರಡು ಸೆಷನ್ ಮಾಡದ್ದನ್ನು ಅವರು ಒಂದು ನಿಮಿಷದಲ್ಲಿ ಮಾಡಿದರು. ಮಗಳು, ಹನ್ನೆರಡನೇ ತರಗತಿಯ ಹುಡುಗಿ, ಮುಂದಿನ ವಾರ ಜೊತೆಗೆ ಬಂದಳು. ನೀನು ಅಪ್ಪನಿಗೆ ಏನು ಮಾಡಬಲ್ಲೆ ಎಂದು ಕೇಳಿದರೆ, "ನನ್ನ ತಲೆ ಮುಟ್ಟೋದು ಬೇಡ ಅಷ್ಟೇ. ನಂಗೆ ಜ್ವರ ಬಂದಾಗೆಲ್ಲ ಪಪ್ಪನ ಮುಖ ನೋಡೋಕಾಗಲ್ಲ" ಎಂದಳು.

ಸುಜಾತಾ ಅವರೊಂದಿಗೆ ಮಾತು ಕಷ್ಟದ್ದಾಯಿತು. ಮೂರು ವಾರ "ಸೇದಿದ್ರಾ?" ಎಂದು ಕೇಳಬೇಡಿ, ಬದಲಿಗೆ "ಇವತ್ತು ಯಾವ ಹೊತ್ತು ಕಷ್ಟ ಆಯ್ತು?" ಎಂದು ಕೇಳಿ ಎಂದೆ. ಅವರಿಗೆ ಸಿಟ್ಟು ಬಂತು. "ಸುಳ್ಳು ಹೇಳಿದ್ರೆ? ಇಪ್ಪತ್ತು ವರ್ಷ ಹೊಗೆ ಕುಡಿದವಳು ನಾನು. ಈಗ ನಾನೇ ಬಾಯಿ ಮುಚ್ಚಿಕೊಂಡಿರಬೇಕಾ?" ನ್ಯಾಯವಾದ ಸಿಟ್ಟು. ಬಿಡುವವರ ಮನೆಯವರನ್ನು ನಾವು ಸಲಹೆಗಾರರು ಔಷಧಿಯ ಹಾಗೆ ಬಳಸಿಕೊಳ್ಳುತ್ತೇವೆ, ಅವರ ದಣಿವನ್ನು ಯಾರೂ ಕೇಳುವುದಿಲ್ಲ. ಅವರಿಗೆ ಅಂದು ಪೂರ್ತಿ ಒಂದು ಗಂಟೆ ಕೊಟ್ಟೆ. ಕೊನೆಗೆ ಒಪ್ಪಂದ ಹೀಗಾಯಿತು: ಮನೆ, ಮೆಟ್ಟಿಲು ಎರಡೂ ಕಡೆ ಹೊಗೆ ಇಲ್ಲ, ಇದರಲ್ಲಿ ಚೌಕಾಸಿ ಇಲ್ಲ. ಹೋಟೆಲಿನ ಬಟ್ಟೆಯನ್ನು ರಮಾನಂದರೇ ಮೆಷಿನಿಗೆ ಹಾಕಬೇಕು. ಅಂಗಿ ಕೈಗೆ ಬಾರದಿದ್ದರೆ ಮೂಸುವ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇಲ್ಲದಿದ್ದರೆ ಸುಳ್ಳೂ ಬೇಕಾಗಿಲ್ಲ.

ಬಿಡುವ ದಿನ ಗೊತ್ತುಮಾಡುವಾಗ ಸುಜಾತಾ ಸಂಕಷ್ಟಿ ಎಂದರು. ರಮಾನಂದರು ಮೊದಲ ಸಲ ನಕ್ಕರು. "ಸಂಕಷ್ಟಿ ದಿನ ಸಾಬೂದಾಣೆ ಖಿಚಡಿಗೆ ಬಾಗಿಲವರೆಗೆ ಕ್ಯೂ ಇರ್ತದೆ. ಆ ದಿನ ಬಿಟ್ರೆ ಗಿರಾಕಿಗೆ ಹೊಡೆದೇನು." ಏಕಾದಶಿಯೂ ಬೇಡವಾಯಿತು, ಅದೇ ಕಾರಣ. ಯಾವ ವಿಶೇಷವೂ ಇಲ್ಲದ ಒಂದು ಬುಧವಾರ ಸಿಕ್ಕಿತು.

ಅಷ್ಟರೊಳಗೆ ಡಾಕ್ಟರ ಹತ್ತಿರ ಕಳಿಸಿದ್ದೆ. ಎದ್ದ 30 ನಿಮಿಷದೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ನಿಕೊಟಿನ್ ಗಮ್, ತಡವಾಗಿ ಸೇದುವವರಿಗೆ 2. ಇದನ್ನು ವೀಳ್ಯದ ಹಾಗೆ ಜಗಿಯಬಾರದು, ಅವರು ಹಾಗೇ ಜಗಿದು ಬಿಕ್ಕಳಿಕೆ, ಎದೆಯುರಿ ಬರಿಸಿಕೊಂಡರು. ನಿಧಾನ ನಾಲ್ಕು ಸಲ ಜಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ-ವಸಡಿನ ನಡುವೆ ಇಡಿ, ಚುರುಚುರು ಹೋದ ಮೇಲೆ ಮತ್ತೆ ಜಗಿಯಿರಿ, ಹೀಗೆ ಅರ್ಧ ಗಂಟೆ. ಗಮ್‌ಗೆ 15 ನಿಮಿಷ ಮುಂಚೆ ಕಾಫಿ ಬೇಡ, ಬಾಯಿ ಹುಳಿಯಾದರೆ ನಿಕೊಟಿನ್ ಒಳಗಿಳಿಯುವುದಿಲ್ಲ.

ಕಾಫಿಯ ವಿಷಯ ಇನ್ನೊಂದಿತ್ತು. ಗಲ್ಲಾದಲ್ಲಿ ಕೂತವರಿಗೆ ದಿನಕ್ಕೆ ಎಂಟು ಅರ್ಧ ಲೋಟ ಸಲೀಸು. ಸಿಗರೇಟಿನ ಹೊಗೆ ಯಕೃತ್ತಿನಲ್ಲಿ ಕೆಫೀನನ್ನು ಬೇಗ ಕರಗಿಸುವ ಕಿಣ್ವವನ್ನು ಚುರುಕು ಮಾಡಿರುತ್ತದೆ. ಹೊಗೆ ನಿಂತರೆ ಅದೇ ಎಂಟು ಲೋಟದ ಕೆಫೀನು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಮನುಷ್ಯ "ಸಿಗರೇಟು ಬಿಟ್ಟದ್ದಕ್ಕೇ ಹೀಗೆ" ಎಂದುಕೊಂಡು ಹಚ್ಚುತ್ತಾನೆ. ಅರ್ಧಕ್ಕಿಳಿಸಿ ಎಂದೆ.

ಇದನ್ನು ಜಾರಿಗೆ ತಂದವರು ಭಟ್ಟರು. ರಮಾನಂದರಿಗೆ ಅವರ ಹತ್ತಿರ ಹೇಳುವುದೇ ದೊಡ್ಡ ಸಂಕೋಚವಾಗಿತ್ತು. ಇಬ್ಬರೂ ಹದಿನಾಲ್ಕು ವರ್ಷ ಮಧ್ಯಾಹ್ನ ನಾಲ್ಕು ಗಂಟೆಗೆ ಆ ಹಿಂಬಾಗಿಲಲ್ಲಿ ಬೆಂಕಿಕಡ್ಡಿ ಹಂಚಿಕೊಂಡವರು. ಭಟ್ಟರು ಕೇಳಿಸಿಕೊಂಡು, "ನಾನು ಬಿಡುದಿಲ್ಲ ಮಾರಾಯ್ರೆ, ಈ ವಯಸ್ಸಿಗೆ ಉಪದೇಶ ಬೇಡ. ಆದ್ರೆ ನಿಮ್ಮೆದುರು ಹಚ್ಚುದಿಲ್ಲ" ಎಂದರಂತೆ. ಮರುದಿನದಿಂದ ನಾಲ್ಕು ಗಂಟೆಗೆ ಗಲ್ಲಾಕ್ಕೆ ಒಂದು ಸ್ಟೀಲ್ ಲೋಟ ಬಂತು: ಜೀರಿಗೆ-ಕೊತ್ತಂಬರಿ ಕಷಾಯ, ಹಾಲು ಹಾಕಿದ್ದು, ಮೇಲೆ ತಟ್ಟೆ ಮುಚ್ಚಿದ್ದು. ಬಿಡುವವರಿಗೆ ನೆರವಾಗಲು ತಾನೂ ಬಿಟ್ಟಿರಬೇಕು ಎಂದೇನಿಲ್ಲ.

ಮೂರನೇ ದಿನ ಕೆಟ್ಟದ್ದಾಗಿತ್ತು. ಬೆಳಿಗ್ಗೆ ಬಿಲ್ಲು ತಪ್ಪಿಸಿದ ಹುಡುಗನ ಮೇಲೆ ಕಿರುಚಿ, ಆಮೇಲೆ ಅವನನ್ನು ಕರೆದು "ಸಿಗರೇಟು ಬಿಟ್ಟಿದ್ದೇನೆ, ಒಂದು ವಾರ ಸಹಿಸಿಕೊ" ಎಂದರಂತೆ. ಹಾಗೆ ಹೋಟೆಲಿಗೆಲ್ಲ ಗೊತ್ತಾಯಿತು, ಅದು ಒಳ್ಳೆಯದೇ ಆಯಿತು. ಸೇದಬೇಕೆಂಬ ತಲುಬು ಒಮ್ಮೆ ಎದ್ದರೆ ಹೆಚ್ಚೆಂದರೆ ಐದು-ಹತ್ತು ನಿಮಿಷ ಎಂದು ಹೇಳಿದ್ದೆ. ಆ ಹೊತ್ತಿಗೆ ಅವರು ಗಲ್ಲಾದ ಚಿಲ್ಲರೆಯನ್ನು ಹತ್ತು ಹತ್ತರ ಗಂಟು ಕಟ್ಟತೊಡಗಿದರು. ಆ ವಾರ ಹೋಟೆಲಿನಲ್ಲಿ ಚಿಲ್ಲರೆಗೆ ಕೊರತೆ ಬರಲಿಲ್ಲ. ಇನ್ನೊಂದು ದಿನ 1800-11-2356ಕ್ಕೆ ಫೋನ್ ಮಾಡಿದರು. ರಾಷ್ಟ್ರೀಯ ತಂಬಾಕು ತೊರೆಯುವ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲಿ ಮಾತಾಡಬಹುದು. "ಪ್ಯಾಕಿನ ಮೇಲೆ ಈ ನಂಬರು ಇಷ್ಟು ವರ್ಷ ನೋಡಿದ್ದೇನೆ, ಓದಿರಲಿಲ್ಲ" ಎಂದರು.

19ನೇ ದಿನ ಠಾಣೆ ನಗರದಲ್ಲಿ ನೆಂಟರ ಮದುವೆ. ಮುನ್ನಾದಿನ ರಾತ್ರಿ ಪಾರ್ಕಿಂಗಿನಲ್ಲಿ ಭಾವ ಒಂದು ಕೊಟ್ಟರು, ಸೇದಿದರು. ಹಳೆಯ ರಮಾನಂದರಾಗಿದ್ದರೆ ಲವಂಗ ಹುಡುಕುತ್ತಿದ್ದರು. ಅವರು ಮಂಟಪಕ್ಕೆ ವಾಪಸು ಹೋಗಿ ಮಗಳನ್ನು ಪಕ್ಕಕ್ಕೆ ಕರೆದು ಹೇಳಿದರು. ಅವಳು, "ಒಂದೇನಾ? ಸರಿ, ಊಟಕ್ಕೆ ನನ್ನ ಪಕ್ಕ ಕೂತ್ಕೊ" ಎಂದಳಂತೆ. ಒಂದು ಸೇದಿದರೆ ಅದು ಎಡವಿದ್ದು. ಆ ಒಂದನ್ನು ಮುಚ್ಚಿಟ್ಟಾಗಲೇ ಅದು ಪ್ಯಾಕ್ ಆಗುವುದು.

42ನೇ ದಿನಕ್ಕೆ ಅಪಾಯಿಂಟ್‌ಮೆಂಟ್ ಮೊದಲೇ ಬರೆದಿಟ್ಟಿದ್ದೆವು. ಅಂದು ಅವರು ಸ್ಟೇಷನ್ನಿನ ಇನ್ನೊಂದು ಬದಿಯ ಸೇತುವೆ ಇಳಿದು ಮನೆಗೆ ಹೋದರು, ಟಪರಿಯ ದಾರಿ ಹಿಡಿಯಲಿಲ್ಲ. ಈಗ ಏಳು ತಿಂಗಳಾಯಿತು, ಗಮ್ ನಿಂತಿದೆ. ನಾಲ್ಕು ಕಿಲೋ ಏರಿದ್ದಾರೆ, ಅದರ ಬಗ್ಗೆ ಸುಜಾತಾ ಅವರ ದೂರು ಶುರುವಾಗಿದೆ. ಭಟ್ಟರು ಇನ್ನೂ ಸೇದುತ್ತಾರೆ, ಈಗ ರಸ್ತೆಯಾಚೆ ಹೋಗಿ.

ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ, ಮೊದಲು ಪ್ಯಾಕ್ ಇರುತ್ತಿದ್ದ ಮೂಲೆಯಲ್ಲಿ, ಅರಿಶಿನ ಬಟ್ಟೆಯಲ್ಲಿ ಕಟ್ಟಿದ ತಪ್ಪುಕಾಣಿಕೆ ಇದೆಯಂತೆ. ಮೇ ತಿಂಗಳಲ್ಲಿ ಊರಿಗೆ. ಮತ್ಸ್ಯಗಂಧ ರೈಲಿನ ಟಿಕೆಟ್ಟು ಇನ್ನೂ ವೇಟಿಂಗ್ ಲಿಸ್ಟಿನಲ್ಲಿದೆ.