ಹಿನ್ನೀರಿನ ನಡುಗಡ್ಡೆಗೆ ಇಲಿ ಪಾಷಾಣ ಬೇಡ

ಸರ್, ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪದಲ್ಲಿ ಮಾಡಿದ ಹಾಗೆ ಆಲಮಟ್ಟಿ ಹಿನ್ನೀರಿನ ನಡುಗಡ್ಡೆಗೂ ಇಲಿ ಪಾಷಾಣ ಹಾಕಿದರೆ ನೆಲದಲ್ಲೇ ಮೊಟ್ಟೆ ಇಡುವ ಟರ್ನ್ ಎಂಬ ನೀರುಹಕ್ಕಿಗಳ ಮೊಟ್ಟೆ ಉಳಿಯುತ್ತವಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಅಲ್ಲಿನ ಲೆಕ್ಕವೇ ಬೇರೆ. ಸೀಲ್, ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಬಂದ ಇಲಿಗಳು ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಮರಿ ತಿನ್ನುತ್ತಿದ್ದವು. 2011ರಿಂದ 2015ರ ನಡುವೆ ಮೂರು ಹಂತದಲ್ಲಿ ಹೆಲಿಕಾಪ್ಟರ್‌ನಿಂದ ಬ್ರೋಡಿಫಾಕಮ್ ಎಂಬ ಇಲಿ ವಿಷ ಬೆರೆಸಿದ ಗುಳಿಗೆ ಚೆಲ್ಲಿದರು. ಹಿಮನದಿಗಳು ದ್ವೀಪವನ್ನು ತುಂಡು ತುಂಡು ಮಾಡಿದ್ದವು. ಹಾಗಾಗಿ ಒಂದು ಕಡೆ ಮುಗಿಸಿದ ಮೇಲೆ ಇಲಿ ಅಲ್ಲಿಗೆ ವಾಪಸ್ ಬರಲಾಗಲಿಲ್ಲ. 2018ರಲ್ಲಿ ದ್ವೀಪ ಇಲಿಮುಕ್ತ ಅಂತ ಸಾರಿದರು. ಅಲ್ಲಿನ ಪಿಪಿಟ್ ಎಂಬ ಪುಟ್ಟ ಹಕ್ಕಿ ಮತ್ತೆ ಹೆಚ್ಚಿತು. ಆದರೆ ವಿಷದಿಂದ ಸ್ಕುವಾ ಎಂಬ ಕಡಲ ಹಕ್ಕಿಗಳೂ ಸತ್ತವು, ಅದನ್ನು ಜಾಸ್ತಿ ಜನ ಹೇಳುವುದಿಲ್ಲ.

ನಮ್ಮಲ್ಲಿ? ಬೇಸಿಗೆಯಲ್ಲಿ ನೀರು ಇಳಿದರೆ ಎಷ್ಟೋ ನಡುಗಡ್ಡೆ ದಂಡೆಗೇ ಕೂಡುತ್ತವೆ. ಇಲಿ ಈಜುತ್ತದೆ ಬೇರೆ. ಇವತ್ತು ಕೊಂದರೆ ನಾಳೆ ಕಬ್ಬಿನ ಹೊಲದಿಂದ ಹೊಸವು ಬರುತ್ತವೆ. ಸುಮ್ನೆ ವಿಷ ತಿಂದ ಇಲಿಗಳನ್ನು ತಿಂದು ಗೂಬೆ, ಹದ್ದು ಸಾಯುತ್ತವೆ.

ಅಷ್ಟಕ್ಕೂ ಮೊಟ್ಟೆ ತಿಂದದ್ದು ಇಲಿಯೇನಾ? ನಾಯಿ, ಕಾಗೆ ಇರಬಹುದು, ಕುರಿ ತುಳಿದಿರಲೂಬಹುದು. ಅರಣ್ಯ ಇಲಾಖೆಯವರಿಗೆ ಹೇಳಿ ಮೊದಲು ಪ್ರಾಣಿ ಹತ್ತಿರ ಬಂದರೆ ತಾನೇ ಫೋಟೊ ತೆಗೆಯುವ ಒಂದು ಟ್ರ್ಯಾಪ್ ಕ್ಯಾಮೆರಾ ಇಡಿಸಿ. ಮೊಟ್ಟೆ ಇಡುವ ತಿಂಗಳಲ್ಲಿ ಆ ಕಡೆ ಮಂದೆ ಹೊಡೆಯಬೇಡಿ ಅಂತ ಕುರಿ ಕಾಯುವವರ ಹತ್ತಿರ ಮಾತಾಡಿ.