ಪುಣೆಯಿಂದ ಗೋವಾಕ್ಕೆ ಕಾರಿನಲ್ಲಿ: ಮೊದಲು ಬೆಳಗಿನ ಏಳು ಗಂಟೆಯನ್ನು ಗೊತ್ತು ಮಾಡಿಕೊಳ್ಳಿ

ನಿಮ್ಮ ಪ್ರಶ್ನೆ ಇದು: ಪುಣೆಯಲ್ಲಿ ಕೆಲಸ, ಜನವರಿಯಲ್ಲಿ 5 ದಿನ ರಜೆ. ಧಾರವಾಡದಿಂದ ಅಪ್ಪ ಅಮ್ಮ ಬಂದಿರುತ್ತಾರೆ, 8 ವರ್ಷದ ಮಗಳೂ ಇದ್ದಾಳೆ. ಕಾರಿನಲ್ಲಿ ಗೋವಾ ಮುಟ್ಟಬೇಕು, ಹೋಗುವ ದಾರಿ ಚೆನ್ನಾಗಿರಬೇಕು, ದಾರಿಯಲ್ಲಿ ಪ್ರಾಣಿ ಪಕ್ಷಿ ಕಾಣಬೇಕು. ಕಾಸ್, ಕೊಯ್ನಾ, ಚಾಂದೋಲಿ, ಸಾಗರೇಶ್ವರ, ದಾಜಿಪುರ, ಆಂಬೋಲಿ, ಚೋರಾವ್, ಬೋಂಡ್ಲಾ, ಮೊಲೆಮ್ ಎಂದು ಒಂಬತ್ತು ಜಾಗ ಬರೆದು, ಯಾವ ಕ್ರಮದಲ್ಲಿ ಹೋಗಲಿ ಎಂದು ಕೇಳಿದ್ದೀರಿ.

ಒಂಬತ್ತರಲ್ಲಿ ನಾಲ್ಕು ಇಟ್ಟುಕೊಳ್ಳಿ. ದಾಜಿಪುರ, ಆಂಬೋಲಿ, ಚೋರಾವ್, ಮೊಲೆಮ್. ಮೊದಲೆರಡು ಮಹಾರಾಷ್ಟ್ರದ ಘಟ್ಟದಲ್ಲಿ, ಕೊನೆಯೆರಡು ಗೋವಾದಲ್ಲಿ. ಮಿಕ್ಕಿದ್ದನ್ನು ಬೇರೆ ರಜೆಗೆ ಬಿಡಿ.

ನನ್ನ ಊರೂ ಧಾರವಾಡದ ಕಡೆಯೇ. ಪುಣೆಗೆ ಬಂದು 14 ವರ್ಷ ಆಯ್ತು. ಮೊದಲ ಸಲ ಈ ದಾರಿಯಲ್ಲಿ ಹೋದಾಗ ನನ್ನ ಹತ್ತಿರವೂ ನಿಮ್ಮಂಥದ್ದೇ ಪಟ್ಟಿ ಇತ್ತು. ಏಳು ಜಾಗ ಮುಗಿಸಿದೆವು, ನೋಡಿದ್ದು ಬರೀ ಸಗಣಿ ಮತ್ತು ಹೆಜ್ಜೆ ಗುರುತು. ಕಾರಣ ಊರಿಗೆ ಬಂದ ಮೇಲೆ ಹೊಳೆಯಿತು. ಪ್ರತಿ ಕಾಡಿಗೂ ನಾವು ಹೋಗಿದ್ದು ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ಒಳಗೆ. ಆ ಹೊತ್ತಿನಲ್ಲಿ ಕಾಡುಪ್ರಾಣಿ ನೆರಳು ಹಿಡಿದು ಮಲಗಿರುತ್ತದೆ. ನಾವು ಮಧ್ಯಾಹ್ನ ಕಾಡಿನಲ್ಲಿ, ಬೆಳಗ್ಗೆ ಹೆದ್ದಾರಿಯಲ್ಲಿ ಇದ್ದೆವು. ಅದು ಉಲ್ಟಾ ಆಗಬೇಕಿತ್ತು.

ಅಂದಿನಿಂದ ನಾನು ಯೋಜನೆ ಹಾಕುವುದು ಒಂದೇ ರೀತಿ. ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕುವುದಿಲ್ಲ. ಪ್ರತಿ ಬೆಳಗ್ಗೆ ಏಳಕ್ಕೆ ಎಲ್ಲಿ ನಿಂತಿರುತ್ತೇವೆ ಅನ್ನೋದನ್ನ ಮೊದಲು ಬರೆಯುತ್ತೇನೆ. ಜನವರಿಯಲ್ಲಿ ಈ ಕಡೆ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಅಲ್ಲಿಂದ ಒಂಬತ್ತೂವರೆವರೆಗೆ ಕಾಡು, ಮಧ್ಯಾಹ್ನ ಕಾರು, ಸಂಜೆ ಐದರ ಒಳಗೆ ರೂಮು. ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನೋದಕ್ಕಿಂತ ಎಲ್ಲಿ ಮಲಗಬೇಕು ಅನ್ನೋದೇ ದೊಡ್ಡ ವಿಷಯ. ಕಾಡಿನಿಂದ 40 ಕಿಲೋಮೀಟರ್ ದೂರದ ಒಳ್ಳೆಯ ಹೋಟೆಲ್‌ಗಿಂತ ಕಾಡಿನ ಗೇಟಿನ ಪಕ್ಕದ ಸಾದಾ ರೂಮು ಎಷ್ಟೋ ಮೇಲು.

ಬಿಟ್ಟ ಜಾಗಗಳ ಬಗ್ಗೆ ಎರಡು ಮಾತು. ಕಾಸ್ ಹೂವಿನ ಬಯಲು, ಅದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಚೆಂದ. ಜನವರಿಯಲ್ಲಿ ಅಲ್ಲಿ ಒಣಹುಲ್ಲು. ಕೊಯ್ನಾ ಮತ್ತು ಚಾಂದೋಲಿ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶ ಆಯಿತು. ಒಳ್ಳೆಯ ಕಾಡು, ಆದರೆ ಅದಕ್ಕೇ ಬೇರೆ ಎರಡು ಮೂರು ದಿನ ಬೇಕು.

ಮೊದಲ ದಿನ ಪುಣೆಯಿಂದ ನಸುಕಿನಲ್ಲಿ ಐದಕ್ಕೆಲ್ಲ ಹೊರಟುಬಿಡಿ. ಕೊಲ್ಹಾಪುರ ಸುಮಾರು 230 ಕಿಲೋಮೀಟರ್. ಖಂಬಾಟಕಿ ಘಾಟಿಯನ್ನು ಲಾರಿಗಳು ಜಾಸ್ತಿ ಆಗುವ ಮುಂಚೆ ದಾಟಿದರೆ ಅರ್ಧ ಆಯಾಸ ಕಡಿಮೆ. ಕೊಲ್ಹಾಪುರದಲ್ಲಿ ಊಟ ಮಾಡಿ, ಡೀಸೆಲ್ ಅಥವಾ ಪೆಟ್ರೋಲ್ ಪೂರ್ತಿ ತುಂಬಿಸಿ, ಒಂದಿಷ್ಟು ನಗದು ಇಟ್ಟುಕೊಳ್ಳಿ. ಮುಂದೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಅಲ್ಲಿಂದ ರಾಧಾನಗರಿ ಒಂದೂವರೆ ಗಂಟೆ. ಅಲ್ಲಿ ಭೋಗಾವತಿ ನದಿಗೆ ಅಣೆಕಟ್ಟು ಕಟ್ಟುವ ಕೆಲಸ ಶುರು ಮಾಡಿಸಿದವರು ಕೊಲ್ಹಾಪುರದ ಶಾಹು ಮಹಾರಾಜರು. ಸಂಜೆ ಆ ಹಿನ್ನೀರಿನ ದಂಡೆಯಲ್ಲಿ ಸುಮ್ನೆ ಕೂತುಕೊಳ್ಳಿ. ಮಗಳಿಗೆ ದುರ್ಬೀನು ಹಿಡಿಯಲು ಕಲಿಸಲು ಅದೇ ಸರಿಯಾದ ಜಾಗ.

ದುರ್ಬೀನು ಅಂದೆನಲ್ಲ, 8×42 ತೆಗೆದುಕೊಳ್ಳಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್, ಹಾಗಾಗಿ ನಸುಕಿನ ಮಬ್ಬಿನಲ್ಲೂ ಕಾಣುತ್ತದೆ. ಅಂಗಡಿಯವರು ಹೆಚ್ಚು ಪಟ್ಟಿನದು ಒಳ್ಳೆಯದು ಅನ್ನುತ್ತಾರೆ. ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ಹೆಚ್ಚಿ ಕಾಣುತ್ತದೆ, ವಯಸ್ಸಾದವರಿಗೆ ಮತ್ತು ಮಕ್ಕಳಿಗೆ ಅದು ಆಗಿಬರುವುದಿಲ್ಲ.

ಎರಡನೇ ದಿನದ ಬೆಳಗು ದಾಜಿಪುರದ್ದು. ಇಡೀ ಪ್ರವಾಸದಲ್ಲಿ ಒಂದೇ ಒಂದು ಬೆಳಗು ಆರಿಸಿಕೊ ಅಂದರೆ ನಾನು ಇದನ್ನೇ ಆರಿಸುತ್ತೇನೆ. 1958ರಲ್ಲಿ ಕಾಡುಕೋಣಗಳಿಗಾಗಿಯೇ ಮಾಡಿದ ಅಭಯಾರಣ್ಯ ಇದು, ಮಹಾರಾಷ್ಟ್ರದ ಮೊದಲನೆಯದು. ಈಗ ರಾಧಾನಗರಿ ಅಭಯಾರಣ್ಯ ಅಂತ ಹೆಸರು, 351 ಚದರ ಕಿಲೋಮೀಟರ್. ಮಲೆನಾಡಿನಲ್ಲಿ ಕಾಟಿ ಅನ್ನುವುದನ್ನು ಇಲ್ಲಿ ಗವಾ ಅನ್ನುತ್ತಾರೆ. ಸ್ಥಳೀಯ ಗೈಡ್ ಮತ್ತು ಅಲ್ಲಿನ ಜೀಪನ್ನೇ ತೆಗೆದುಕೊಳ್ಳಿ, ಒಳಗಿನದು ಕಲ್ಲು ಮಣ್ಣಿನ ದಾರಿ. ವಾರದ ರಜೆ ಮತ್ತು ಗೇಟು ತೆರೆಯುವ ಸಮಯವನ್ನು ಅರಣ್ಯ ಇಲಾಖೆಗೆ ಫೋನ್ ಮಾಡಿ ಕೇಳಿಕೊಂಡೇ ದಿನ ಗೊತ್ತು ಮಾಡಿ. ಮಳೆಗಾಲದಲ್ಲಿ ಮುಚ್ಚಿರುತ್ತದೆ, ಜನವರಿಗೆ ಆ ಚಿಂತೆ ಇಲ್ಲ.

ಕಾಡಿನ ನಡುನಡುವೆ ಕೆಂಪುಕಲ್ಲಿನ ಬಯಲುಗಳಿವೆ, ಸಡಾ ಅನ್ನುತ್ತಾರೆ. ಕಾಡುಕೋಣಗಳು ಮೇಯಲು ಅಲ್ಲಿಗೆ ಬರುತ್ತವೆ. ನಾನು ನಿಮ್ಮ ಹಾಗೇ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಮಂಜು ಇನ್ನೂ ಹುಲ್ಲಿನ ಮೇಲೆ ಕೂತಿತ್ತು. ಗೈಡ್ ಜೀಪ್ ನಿಲ್ಲಿಸಿ, ಕೈಯಿಂದ ಸುಮ್ಮನಿರಿ ಅಂದ. ಮೊದಲು ಕಂಡಿದ್ದು ಉಸಿರು. ಪೊದೆಯ ಹಿಂದಿನಿಂದ ಎರಡು ಬಿಳಿ ಹಬೆ ಬಂದು ಕರಗಿತು, ಆಮೇಲೆ ಮತ್ತೆರಡು. ನಂತರ ಒಂದು ಗೂಳಿ ಹೊರಗೆ ಕಾಲಿಟ್ಟಿತು. ಕಪ್ಪು ಮೈ, ಬೆನ್ನ ಮೇಲೆ ಏಣು, ಹಣೆ ಬೂದು. ಮೊಣಕಾಲಿನಿಂದ ಕೆಳಗೆ ಅಚ್ಚ ಬಿಳಿ. ಅಪ್ಪ ನನ್ನ ತೋಳು ಹಿಡಿದು ಪಿಸುಗುಟ್ಟಿದರು, "ಬಿಳೇ ಸಾಕ್ಸ್ ಹಾಕ್ಕೊಂಡಾವಲ್ಲೋ ಇವು!" ಅವರು ಮನೆಯಲ್ಲಿ ಎಮ್ಮೆ ಕಟ್ಟಿದವರು. ಆ ಗೂಳಿ ಮೇವು ಹರಿಯುವ ಸದ್ದು ಕೇಳಿಯೇ ಅದರ ಹೊಟ್ಟೆ ತುಂಬಿಲ್ಲ ಅಂದರು. ದೊಡ್ಡ ಗೂಳಿ ಸಾವಿರ ಕಿಲೋ ತೂಗಬಹುದು. ಆದರೂ ಅದು ತಿರುಗಿ ಕಾಡೊಳಗೆ ಹೋದಾಗ ಒಂದು ಕಡ್ಡಿ ಮುರಿದ ಸದ್ದೂ ಬರಲಿಲ್ಲ.

ಕಾಡುಕೋಣಕ್ಕೆ ಮೂಗು ಬಹಳ ಚುರುಕು. ಆ ದಿನ ಸೆಂಟು, ಪೌಡರು ಬೇಡ. ಬಿಳಿ ಮತ್ತು ಕೆಂಪು ಬಟ್ಟೆಯೂ ಬೇಡ, ಮಾಸಲು ಹಸಿರು, ಖಾಕಿ ಸಾಕು. ಇನ್ನೂ ಹತ್ತಿರ ಹೋಗೋಣ ಅಂತ ಗೈಡ್ ಅಂದರೂ ನೀವು ಬೇಡ ಅನ್ನಿ. ಒಮ್ಮೆ ಬೇರೊಂದು ಕಾಡಿನಲ್ಲಿ ನಮ್ಮ ಜೀಪಿನವನು ಫೋಟೋ ಚೆನ್ನಾಗಿ ಬರಲಿ ಅಂತ ಹಾರ್ನ್ ಹೊಡೆದು ಹಿಂಡನ್ನು ಓಡಿಸಿದ. ಒಂದು ಕರು ತಾಯಿಯಿಂದ ಬೇರೆಯಾಗಿ ದಾರಿಯ ಈ ಕಡೆ ಉಳಿಯಿತು. ಅದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾಸು ಕೊಡುವವರು ನಾವು, ನಾವು ಬೇಡ ಅಂದರೆ ಅವರು ನಿಲ್ಲಿಸುತ್ತಾರೆ.

ವಾಪಸ್ ಬರುವಾಗ ಮರದ ತುದಿ ನೋಡುತ್ತಿರಿ. ಕೆಂಜಳಿಲು ಅಲ್ಲಿರುತ್ತದೆ, ಮರಾಠಿಯಲ್ಲಿ ಶೇಕರೂ, ಮಹಾರಾಷ್ಟ್ರದ ರಾಜ್ಯಪ್ರಾಣಿ. ಬಾಲ ಸೇರಿಸಿದರೆ ಸುಮಾರು ಮೂರು ಅಡಿ ಉದ್ದ.

ಊಟ ಮುಗಿಸಿ ಗಾರಗೋಟಿ, ಆಜರಾ ಮೇಲೆ ಆಂಬೋಲಿಗೆ ಹೊರಡಿ. ಕತ್ತಲಾಗುವ ಮುಂಚೆ ಮುಟ್ಟಲೇಬೇಕು. ಆಜರಾ ದಾಟಿದ ಮೇಲೆ ಸಂಜೆ ಹೊತ್ತು ಕಾಡುಕೋಣ ರಸ್ತೆ ದಾಟುತ್ತವೆ, ಕಪ್ಪು ಮೈ ಹೆಡ್‌ಲೈಟಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ.

ಆಂಬೋಲಿಯ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನೀವು ಬರೆದ ಹಾರುವ ಕಪ್ಪೆ, ಹಸಿರು ಗುಳಿಮಂಡಲ ಹಾವು ಇವೆಲ್ಲ ಚೆನ್ನಾಗಿ ಕಾಣುವುದು ಮಳೆಗಾಲದ ರಾತ್ರಿಯಲ್ಲಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಅದಕ್ಕೆ ಇನ್ನೊಮ್ಮೆ ಬನ್ನಿ. ಬಂದಾಗ ರಾತ್ರಿ ಕಾರು ಓಡಿಸಬೇಡಿ. ಮಳೆ ನಿಂತ ಒದ್ದೆ ರಸ್ತೆಯ ಮೇಲೆ ಕಪ್ಪೆ, ಹಾವು ಬಂದು ಕೂರುತ್ತವೆ. ಜಗತ್ತಿನಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದ ಜೀವಿಗಳು ಅಲ್ಲಿ ಟೈರಿನ ಕೆಳಗೆ ಸಾಯುತ್ತವೆ. ಅದನ್ನು ನೋಡಿದ ಮೇಲೆ ನಾನು ಆ ರಸ್ತೆಯಲ್ಲಿ ರಾತ್ರಿ ನಡೆದೇ ಹೋಗುವುದು.

ಜನವರಿಯಲ್ಲಿ ಆಂಬೋಲಿ ಹಕ್ಕಿಗಳದ್ದು. ಮೂರನೇ ದಿನ ಬೆಳಗ್ಗೆ ಹಿರಣ್ಯಕೇಶಿ ದೇವಸ್ಥಾನಕ್ಕೆ ನಡೆದುಹೋಗಿ. ಗುಹೆಯೊಳಗಿಂದ ನೀರು ಬರುತ್ತದೆ, ಅದೇ ಹಿರಣ್ಯಕೇಶಿ ನದಿಯ ಹುಟ್ಟು. ಆ ಕೊಳದ ಪುಟ್ಟ ಮೀನೊಂದನ್ನು ಹೊಸ ಜಾತಿ ಎಂದು 2020ರಲ್ಲಿ ಗುರುತಿಸಿ ಹಿರಣ್ಯಕೇಶಿ ಎಂದೇ ಹೆಸರಿಟ್ಟರು, 2021ರಲ್ಲಿ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಸರ್ಕಾರ ಘೋಷಿಸಿತು. ಹಾಗಾಗಿ ನೀರಿಗೆ ಕಾಲಿಡಬೇಡಿ, ಮಂಡಕ್ಕಿ ಹಾಕಬೇಡಿ. ಅಪ್ಪನಿಗೆ ಹೇಳಿ, ಈ ನೀರು ಸಂಕೇಶ್ವರದ ಮುಂದೆ ಹಾದು ಘಟಪ್ರಭೆ ಸೇರುತ್ತದೆ ಅಂತ. ನಮ್ಮಪ್ಪ ಇದನ್ನು ಕೇಳಿ ಚಪ್ಪಲಿ ಬಿಟ್ಟು ಕೈ ಮುಗಿದರು.

ಅಲ್ಲಿಂದ ಘಾಟಿ ಇಳಿದು ಸಾವಂತವಾಡಿ, ಬಾಂದಾ, ಗೋವಾ. ಪಣಜಿ ಸುಮಾರು 90 ಕಿಲೋಮೀಟರ್. ಘಾಟಿಯಲ್ಲಿ ಕೋತಿಗಳು ಕಾರು ಕಂಡರೆ ಓಡಿ ಬರುತ್ತವೆ. ಬಾಳೆಹಣ್ಣು ಕೊಡೋಣ ಅಂತ ಮಗಳು ಕೇಳೇ ಕೇಳುತ್ತಾಳೆ. ದಯವಿಟ್ಟು ಬೇಡ. ಕೈ ತುತ್ತಿಗೆ ರಸ್ತೆಗೆ ಬಂದ ಕೋತಿಯೇ ಮುಂದಿನ ಕಾರಿಗೆ ಸಿಗುವುದು.

ಗೋವಾ ಮುಟ್ಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಸೂರ್ಯನ ಜೊತೆಗೆ ಸಮುದ್ರದ ಹೊತ್ತನ್ನೂ ನೋಡಬೇಕು. ಉಬ್ಬರ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿಮ್ಮ ತಾರೀಖಿನ ಇಳಿತದ ವೇಳೆಯನ್ನು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಚೋರಾವ್ ದ್ವೀಪಕ್ಕೆ ರಿಬಂದರ್‌ನಿಂದ ಫೆರ್ರಿ ಇದೆ, ಕಾರನ್ನೂ ಹತ್ತಿಸಿಕೊಳ್ಳುತ್ತಾರೆ. ಅಲ್ಲಿನ ಸಲೀಂ ಅಲಿ ಪಕ್ಷಿಧಾಮ ಬರೀ 1.78 ಚದರ ಕಿಲೋಮೀಟರ್, ಪೂರ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನೀರು ಇಳಿದಾಗ ಕೆಸರು ಬಯಲಾಗುತ್ತದೆ. ಆಗ ಒಂದು ಕಡೆ ನಿಂತು ಹತ್ತು ನಿಮಿಷ ಅಲುಗಾಡದೆ ನೋಡಿ. ಬೆರಳಷ್ಟಿರುವ ಮೀನುಗಳು ಎದೆಯ ರೆಕ್ಕೆ ಊರಿಕೊಂಡು ಕೆಸರಿನ ಮೇಲೆ ತೆವಳುತ್ತವೆ, ಕುಪ್ಪಳಿಸುತ್ತವೆ, ಒಂದಕ್ಕೊಂದು ಬಾಯಿ ತೆರೆದು ಜಗಳಕ್ಕೆ ನಿಲ್ಲುತ್ತವೆ. ಪಕ್ಕದಲ್ಲೇ ಒಂದು ಕೊಂಡಿ ಮಾತ್ರ ಭಾರಿ ದೊಡ್ಡದಿರುವ ಏಡಿಗಳು ಅದನ್ನು ಬೀಸಿ ಕರೆಯುತ್ತಿರುತ್ತವೆ. ಮೇಲಿನ ಕೊಂಬೆಯಲ್ಲಿ ಮಿಂಚುಳ್ಳಿ. ಮಕ್ಕಳು ಇಲ್ಲಿಂದ ಏಳುವುದೇ ಇಲ್ಲ.

ನಾಲ್ಕನೇ ದಿನ ದೋಣಿಯಲ್ಲಿ ಕುಂಬಾರ್ಜುವಾ ಕಾಲುವೆಗೆ ಹೋಗಿ. ಮಾಂಡವಿ ಮತ್ತು ಜುವಾರಿಯನ್ನು ಸೇರಿಸುವ ಕಾಲುವೆ ಅದು. ಇಳಿತದಲ್ಲಿ ಮೊಸಳೆಗಳು ಕೆಸರಿನ ದಂಡೆಗೆ ಬಂದು ಬಿಸಿಲು ಕಾಯಿಸುತ್ತವೆ. ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಪುಷ್ಯ ಮಾಸದ ಅಮಾವಾಸ್ಯೆಯಂದು ಮಣ್ಣಿನಲ್ಲಿ ಮೊಸಳೆ ಮಾಡಿ ಪೂಜೆ ಮಾಡುತ್ತಾರೆ. ಮಧ್ಯಾಹ್ನ ಫೋಂಡಾ ದಾಟಿ ಮೊಲೆಮ್‌ಗೆ ಹೋಗಿ ಮಲಗಿ. ಬೀಚ್ ಬೇಕೇ ಬೇಕು ಅಂದರೆ ಮೂರನೇ ದಿನದ ಸಂಜೆ ಒಂದು ಗಂಟೆ ಹೋಗಿಬನ್ನಿ, ಅಷ್ಟು ಸಾಕು.

ಐದನೇ ಬೆಳಗು ತಾಂಬ್ಡಿ ಸುರ್ಲಾ. ನಿಮ್ಮ ಪಟ್ಟಿಯಲ್ಲಿ ಇದು ಇರಲಿಲ್ಲ, ಬೋಂಡ್ಲಾ ಬದಲು ಇದನ್ನು ಸೇರಿಸಿ. ಮೊಲೆಮ್ ಕಾಡಿನ ಅಂಚಿನಲ್ಲಿ, ಹೊಳೆಯ ಪಕ್ಕ, ಕಪ್ಪು ಕಲ್ಲಿನ ಮಹಾದೇವ ದೇವಸ್ಥಾನ. ಕದಂಬರ ಕಾಲದ್ದು. ನಾವು ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದಾಗ ತಲೆಯ ಮೇಲೆ ಹಳೇ ಬಸ್ಸಿನ ಎಂಜಿನ್‌ನಂಥ ಸದ್ದು ಕೇಳಿತು. ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಸದ್ದು ಅದು. ಎರಡು ದಾಟಿ ಹೋದವು. ಹಳದಿ ಮೈ, ಕರಿ ತಲೆ, ಕೆಂಪು ಕೊರಳಿನ ಪಿಕಳಾರವನ್ನೂ ಹುಡುಕಿ. ಅದು ಗೋವಾದ ರಾಜ್ಯಪಕ್ಷಿ.

ಹನ್ನೊಂದಕ್ಕೆ ಹೊರಟು ಅನ್ಮೋಡ ಘಾಟಿ ಹತ್ತಿದರೆ ರಾಮನಗರ, ಲೋಂಡಾ, ಅಳ್ನಾವರ, ಧಾರವಾಡ. ಅದೇ ದಿನ ಪುಣೆಗೆ ವಾಪಸ್ ಓಡಿಸುವ ಯೋಚನೆ ಬಿಡಿ. ಅಪ್ಪ ಅಮ್ಮನನ್ನು ಅವರ ಮನೆಗೇ ಬಿಟ್ಟು, ರಾತ್ರಿ ಅಲ್ಲೇ ಮಲಗಿ, ಮರುದಿನ ಹೊರಡಿ. ಸುಮಾರು 420 ಕಿಲೋಮೀಟರ್ ಆಗುತ್ತದೆ. ಅದಕ್ಕೆ ಆರನೇ ದಿನ ರಜೆ ಕೇಳಲೇಬೇಕು.

ಘಾಟಿಗಳಲ್ಲಿ ಅಮ್ಮನನ್ನು ಮುಂದೆ ಕೂರಿಸಿ, ಹಿಂದಿನ ಸೀಟಿನಲ್ಲಿ ವಾಂತಿ ಬೇಗ ಬರುತ್ತದೆ. ಮಗಳಿಗೆ ಒಂದು ಇನ್ನೂರು ಪುಟದ ನೋಟುಬುಕ್ ಕೊಡಿಸಿ, ಕಂಡದ್ದನ್ನು ಬರೆಯಲಿ.

ಇವತ್ತೇ ಮಾಡಬೇಕಾದದ್ದು ದಾಜಿಪುರದ ಹತ್ತಿರ ರೂಮು ಹಿಡಿಯುವುದು. ಅಲ್ಲಿ ರೂಮು ಕಡಿಮೆ, ಬೇಗ ತುಂಬುತ್ತವೆ. ಅದು ಸಿಕ್ಕ ತಾರೀಖಿನ ಮೇಲೆ ಮಿಕ್ಕ ದಿನಗಳನ್ನು ಕೂರಿಸಿ. ಶನಿವಾರ ಭಾನುವಾರ ಆ ಕಡೆ ಬೀಳದಂತೆ ನೋಡಿಕೊಳ್ಳಿ. ತಾರೀಖು ಗೊತ್ತಾದರೆ ಇಲ್ಲೇ ಹಾಕಿ, ಚೋರಾವ್‌ಗೆ ಯಾವ ಹೊತ್ತಿಗೆ ಹೋಗಬೇಕು ಅಂತ ಇಳಿತ ನೋಡಿ ಹೇಳುತ್ತೇನೆ.